ಜೂನ್ ಒಂದರವಳು

ಸತ್ತ ದಾನಿಯ ಹೆಸರಿನ ಮುಂದಿರುವ ಚೌಕದಲ್ಲಿ ಗುರುತು ಹಾಕುವುದು ನನ್ನ ಕೆಲಸಗಳಲ್ಲಿ ಒಂದು. ಗುರುತು ಹಾಕಿದರೆ ಯಂತ್ರ ಆ ಹೆಸರಿನ ಗೆರೆ ಎಳೆಯುವುದನ್ನು ನಿಲ್ಲಿಸುತ್ತದೆ. ಹೋದ ಸಂಕ್ರಾಂತಿಯಿಂದ ಒಂದು ಹೆಸರಿನ ಮುಂದೆ ಮಾತ್ರ ನನ್ನ ಕೈ ಏಳಲಿಲ್ಲ. ಆಕೆಯನ್ನು ಮಣ್ಣು ಮಾಡುವಾಗ ನಾನೇ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದಿದ್ದೆ. ಆದರೂ ದಿನಾ ಬೆಳಿಗ್ಗೆ ಕಚೇರಿಯ ಪರದೆ ತೆರೆದರೆ ಆಕೆಯ ಗೆರೆ ಕೂದಲೆಳೆಯಷ್ಟು ಮುಂದೆ ಹೋಗಿರುತ್ತಿತ್ತು. ನೋಡಿ ಮುಖ ಆಚೆ ತಿರುಗಿಸಿ ಚಹಾ ತರಿಸುತ್ತಿದ್ದೆ. ಹೆದರಿಕೆ ಎಂದರೆ ಹೆದರಿಕೆಯೇ, ಅದಕ್ಕೆ ಬೇರೆ ಹೆಸರು ಯಾಕೆ?

ನಾನು ಲೀಲಾವತಿ ಹೊಂಬಳ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮೂತ್ರಪಿಂಡ ಕಸಿ ಘಟಕದಲ್ಲಿ ಸಂಯೋಜಕಿ. ಕೊಡುವವರನ್ನೂ ಪಡೆಯುವವರನ್ನೂ ಕೂರಿಸಿಕೊಂಡು ಮಾತಾಡುವುದು, ಅರ್ಜಿ ತುಂಬುವುದು, ಮನೆಗೆ ಹೋಗಿ ನೋಡಿ ಬರುವುದು, ಅತ್ತರೆ ನೀರು ಕೊಡುವುದು. ಇಡೀ ಘಟಕಕ್ಕೆ ನಾನು ಲೀಲಕ್ಕ. ಬಾಯಿ ಜೋರು ಎಂಬ ಹೆಸರೂ ಇದೆ, ಅದು ಸುಳ್ಳಲ್ಲ.

ನಮ್ಮ ಯಂತ್ರಕ್ಕೆ ಕಾಗದದ ಮೇಲಿನ ಹೆಸರು 'ಮುನ್ಸೂಚಿ'. ನಾವು ಕರೆಯುವುದು ಜೋಯಿಸ. ಬದುಕಿರುವ ಮನುಷ್ಯ ತನ್ನ ಎರಡು ಮೂತ್ರಪಿಂಡಗಳಲ್ಲಿ ಒಂದನ್ನು ತನ್ನವರಿಗೆ ಕೊಟ್ಟರೆ ಅದು ಅಲ್ಲಿ ಎಷ್ಟು ಚೆನ್ನಾಗಿ ದುಡಿಯುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಕತ್ತರಿ ಹಾಕುವ ಮೊದಲೇ ಹೇಳಿದರೆ ಹೇಗಿರುತ್ತದೆ? ಜೋಯಿಸ ಹೇಳುತ್ತಾನೆ. ಎರಡು ಹಸಿರು ಗೆರೆ ಎಳೆಯುತ್ತಾನೆ. ಒಂದು ಪಡೆದವರ ಹೊಟ್ಟೆಗೆ ಹೋದ ಮೂತ್ರಪಿಂಡದ್ದು, ಇನ್ನೊಂದು ಕೊಟ್ಟವರಲ್ಲಿ ಉಳಿದದ್ದರದ್ದು. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಯ ತೋಳಿಗೆ ಒಂದು ಬಿಲ್ಲೆ ಅಂಟಿಸುತ್ತೇವೆ. ರಕ್ತಕ್ಕೆ ಬಿಟ್ಟ ಹೊಳೆಯುವ ದ್ರವವನ್ನು ಮೂತ್ರಪಿಂಡ ಎಷ್ಟು ಬೇಗ ಸೋಸಿ ಹೊರಹಾಕುತ್ತದೆ ಎಂಬುದನ್ನು ಬಿಲ್ಲೆ ಗಂಟೆಗೊಮ್ಮೆ ಅಳೆದು ಕೆಂಪು ಗೆರೆ ಎಳೆಯುತ್ತದೆ. ಹಸಿರು ಆಗಬೇಕಾದದ್ದು, ಕೆಂಪು ಆಗುತ್ತಿರುವುದು. ಕೆಂಪು ಹಸಿರಿಗಿಂತ ಐದರಲ್ಲಿ ಒಂದು ಪಾಲು ಕೆಳಗಿಳಿದರೆ ಪರದೆಯ ಮೇಲೆ ಒಂದೇ ಪದ ಮೂಡುತ್ತದೆ: ತಿರಸ್ಕಾರ. ಎಂದರೆ ಪಡೆದವರ ಮೈ ಹೊಸ ಮೂತ್ರಪಿಂಡವನ್ನು ಪರರದೆಂದು ಕಂಡುಹಿಡಿದು ಕಚ್ಚತೊಡಗಿದೆ ಎಂದು ಅರ್ಥ. ಮೊದಲೆಲ್ಲ ಸೂಜಿ ಚುಚ್ಚಿ ಚೂರು ತೆಗೆದು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಜೋಯಿಸ ನೂರಕ್ಕೆ ತೊಂಬತ್ತೇಳು ಸಲ ಸರಿ ಎಂದಾದ ಮೇಲೆ ಆ ಸೂಜಿ ಕಪಾಟು ಸೇರಿತು.

ಜನ ಇದಕ್ಕೂ ಬೇಗ ಹೊಂದಿಕೊಂಡರು. ಮದುವೆಗೆ ಜಾತಕ ಕೇಳಿದ ಹಾಗೆ ಬಾಗಿಲಲ್ಲೇ "ಗೆರಿ ಕೂಡ್ತೇನ್ರಿ?" ಎಂದು ಕೇಳುತ್ತಿದ್ದರು. ಕೊಡಲು ಮನಸ್ಸಿಲ್ಲದ ಅಣ್ಣತಮ್ಮಂದಿರು "ನನ್ನ ಗೆರಿ ಛಲೋ ಬರಲಿಲ್ಲ ನೋಡ್ರಿ" ಎಂದು ನಿಟ್ಟುಸಿರು ಬಿಟ್ಟು ಪಾರಾಗುತ್ತಿದ್ದರು. ಹೆಂಡಿರ ಗೆರೆ ಮಾತ್ರ ಯಾವಾಗಲೂ ಒಳ್ಳೆಯದೇ ಬರುತ್ತದೆಂದು ಗಂಡಂದಿರಿಗೆ ಪರೀಕ್ಷೆಗೆ ಮೊದಲೇ ಗೊತ್ತಿರುತ್ತಿತ್ತು.

ಜೋಯಿಸನಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ದಾನಿಯ ವಯಸ್ಸು. ಮೂತ್ರಪಿಂಡ ಗಟ್ಟಿ ಹೆಂಗಸರ ಹಾಗೆ, ಸುಮ್ಮನಿದ್ದಾಗ ವಯಸ್ಸು ತೋರಿಸುವುದಿಲ್ಲ. ಎರಡರ ಕೆಲಸ ಒಂದರ ಮೇಲೆ ಬಿದ್ದಾಗ ಎಳೆಯದು ಹಿಗ್ಗಿ ದುಡಿಯುತ್ತದೆ, ಹಳೆಯದು ಹಿಗ್ಗಲಾರದೆ ಇದ್ದಷ್ಟರಲ್ಲೇ ದುಡಿಯುತ್ತದೆ. ಎಷ್ಟು ಹಿಗ್ಗೀತು ಎಂಬುದನ್ನು ಜೋಯಿಸ ವಯಸ್ಸಿನಿಂದ ಲೆಕ್ಕ ಹಾಕುತ್ತಾನೆ.

ಆದರೆ ನಮ್ಮ ಕಡೆಯ ವಯಸ್ಸು ನಿಮಗೆ ಗೊತ್ತಲ್ಲ. ಒಂದು ಪೀಳಿಗೆಯ ಅರ್ಧ ಜನ ಹುಟ್ಟಿದ್ದು ಜೂನ್ ಒಂದನೇ ತಾರೀಖು! ಶಾಲೆ ಶುರುವಾಗುವ ದಿನ ಮಾಸ್ತರರು ಹುಡುಗನ ಎತ್ತರ ನೋಡಿ, ಬಲಗೈ ತಲೆಯ ಮೇಲಿಂದ ಹೋಗಿ ಎಡಗಿವಿ ಮುಟ್ಟುತ್ತದೋ ಇಲ್ಲವೋ ನೋಡಿ, ಒಂದು ಜೂನ್ ಎಂದು ಬರೆದುಬಿಡುತ್ತಿದ್ದರು. ನನ್ನ ಅವ್ವನದೂ ಅದೇ. ಅದಕ್ಕೇ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಅರ್ಜಿಯಲ್ಲಿ ಜೂನ್ ಒಂದು ಕಂಡರೆ ಪೆನ್ನು ಕೆಳಗಿಟ್ಟು ಕೇಳುತ್ತಿದ್ದೆ: "ನಿಮ್ಮೂರಿಗೆ ಕರೆಂಟ್ ಬಂದಾಗ ನೀವು ಎಷ್ಟು ದೊಡ್ಡವರಿದ್ರಿ? ಮೊದಲ ಟೀವಿ ಯಾರ ಮನಿಗೆ ಬಂತು, ಆಗ ನಿಮಗ ಲಗ್ನ ಆಗಿತ್ತೇನು?" ಹೀಗೆ ಜಗ್ಗಿ ಜಗ್ಗಿ ಖರೇ ವಯಸ್ಸು ಹೊರಗೆ ತೆಗೆದು ಜೋಯಿಸನಿಗೆ ಅದನ್ನೇ ಕೊಡುತ್ತಿದ್ದೆ. ಈ ಕಸುಬಿನಲ್ಲಿ ನನ್ನ ಸರಿಸಾಟಿ ಇಲ್ಲವೆಂದು ಜಂಬವಿತ್ತು.

ಶಾರದಾ ತಳವಾರ ನನ್ನೆದುರು ಕೂತ ದಿನ ಮಧ್ಯಾಹ್ನ ಎರಡಾಗಿತ್ತು. ಗದಗಿನ ಹತ್ತಿರದ ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಗಂಡ ತೀರಿ ಬಹಳ ವರ್ಷ. ಒಬ್ಬಳೇ ಮಗಳು ಕಸ್ತೂರಿ, ಇಪ್ಪತ್ತೇಳು, ಬಸ್ ಕಂಡಕ್ಟರ್. ಎರಡೂ ಮೂತ್ರಪಿಂಡ ಸೋತು ವಾರಕ್ಕೆ ಮೂರು ದಿನ ಡಯಾಲಿಸಿಸ್ ಮೇಲಿದ್ದಳು. ಕೊಡುವವಳು ತಾಯಿ. ಜನ್ಮದಿನ ಒಂದು ಜೂನ್, ವಯಸ್ಸು ಐವತ್ತನಾಲ್ಕು.

"ಖರೇ ವಯಸ್ಸು ಎಷ್ಟ್ರಿ?" ಎಂದೆ.

"ಕಾಗದದಾಗ ಎಷ್ಟೈತಿ ಅಷ್ಟ ರೀ," ಎಂದಳು, ನೆಲ ನೋಡುತ್ತ.

ನಾನು ಪೆನ್ನು ಕೆಳಗಿಡಲಿಲ್ಲ. ಹೊರಗೆ ಇನ್ನೂ ಮೂವರು ಕೂತಿದ್ದರು, ಡಬ್ಬಿಯಲ್ಲಿ ರೊಟ್ಟಿ ಜುಣಕ ಆರುತ್ತಿತ್ತು, ನನಗೆ ಹಸಿವಾಗಿತ್ತು. ಇಷ್ಟೇ ಕಾರಣ, ದೊಡ್ಡದೇನೂ ಇಲ್ಲ. ಐವತ್ತನಾಲ್ಕು ಎಂದು ಬರೆದೆ. ಉಳಿದ ಪ್ರಶ್ನೆಗಳನ್ನೂ ಓಡಿಸಿದೆ. ಉಪ್ಪು ಎಷ್ಟು, ನೀರು ಎಷ್ಟು, ನಿದ್ದೆ ಎಷ್ಟು. ದಿನದ ಊಟ ಏನು ಎಂಬುದಕ್ಕೆ ಆಕೆ ಏನೋ ಅಂದಳು, ನಾನು ನಕ್ಕು ಅದನ್ನು ಹಾಗೆಯೇ ಬರೆದುಕೊಂಡೆ.

ಮನೆ ನೋಡಲು ಹೋದದ್ದು ಮಹಾಲಯ ಅಮಾವಾಸ್ಯೆಯ ದಿನ. ಹಿರಿಯರಿಗೆ ಎಡೆ ಇಡುವ ದಿನ ಬೇರೆಯವರ ಮನೆಗೆ ಹೋಗಬಾರದು, ನಮ್ಮ ಆಸ್ಪತ್ರೆಯ ವೇಳಾಪಟ್ಟಿಗೆ ಅದೆಲ್ಲ ಎಲ್ಲಿ ಗೊತ್ತು? ಎರಡು ಕೋಣೆಯ ಮನೆ, ಸಾರಿಸಿದ ನೆಲ. ಗೋಡೆಯ ಬುಡದಲ್ಲಿ ಎರಡು ಎಡೆ. ಒಂದು ಗಂಡನ ಫೋಟೋದ ಮುಂದೆ. ಇನ್ನೊಂದು ಬರೀ ಗೋಡೆಯ ಮುಂದೆ, ಜೊತೆಗೆ ಮಡಿಚಿಟ್ಟ ಒಂದು ಖಣ, ಎರಡು ಶೇಂಗಾ ಹೋಳಿಗೆ.

"ಇದು ಯಾರದು?" ಎಂದೆ.

ಕಸ್ತೂರಿ ಹಾಸಿಗೆಯಿಂದಲೇ ಹೇಳಿದಳು. "ನಮ್ಮ ದೊಡ್ಡವ್ವ ದ್ಯಾಮವ್ವಂದ್ರಿ. ಅವ್ವನ ಅಕ್ಕ. ಸಣ್ಣಾಕಿದ್ದಾಗ ಸತ್ತಾಳಂತ, ಫೋಟೋ ಇಲ್ಲ. ಶೇಂಗಾ ಹೋಳಿಗಿ ಅಂದ್ರ ಜೀವ ಬಿಡ್ತಿದ್ಲಂತ. ಪ್ರತಿ ವರ್ಷ ಅವ್ವ ಅಕಿಗೆ ಖಣ ಇಡ್ತಾಳ, ಆಮ್ಯಾಲೆ ತಾನ ಕುಬಸ ಹೊಲಿಸಿಕೋತಾಳ. ಟಿಕೆಟ್ ಅಕಿದು, ಪ್ರಯಾಣ ಇಕಿದು!"

ಮಗಳು ನಕ್ಕಳು, ನಾನೂ ನಕ್ಕೆ. ತಾಯಿ ಎಡೆಯ ಮೇಲಿನ ಇರುವೆ ಓಡಿಸುತ್ತ ಕೂತಿದ್ದಳು.

ದೀಪಾವಳಿಯಾದ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. ಮೊದಲ ಮೂರು ದಿನ ಹಬ್ಬವೇ. ಮೂತ್ರ ಬಂತು, ಕಸ್ತೂರಿಯ ಊದಿದ ಮುಖ ಇಳಿಯಿತು, ತೀರ್ಥದಷ್ಟೇ ನೀರು ಕುಡಿದು ಎರಡು ವರ್ಷ ಕಳೆದಿದ್ದವಳು ತಂಬಿಗೆ ಎತ್ತಿ ಗಟಗಟ ಕುಡಿದಳು. ನರ್ಸುಗಳು ಹಾಸಿಗೆಯ ಸುತ್ತ ಗುಂಪು ಕಟ್ಟಿದರೆ "ಮುಂದ ಸರೀರಿ, ಬಾಗಲದಾಗ ನಿಂದ್ರಬ್ಯಾಡ್ರಿ" ಎಂದು ಬೆದರಿಸುತ್ತಿದ್ದಳು. ನಾಲ್ಕನೆಯ ದಿನ ಕೆಂಪು ಗೆರೆ ಏರುವುದನ್ನು ನಿಲ್ಲಿಸಿತು. ಹಸಿರು ತನ್ನ ಪಾಡಿಗೆ ಮೇಲೆ ಹೋಯಿತು. ಆರನೆಯ ದಿನ ಪರದೆಯ ಮೇಲೆ ಆ ಪದ ಮೂಡಿತು.

ಡಾಕ್ಟರ್ ಇನಾಮದಾರ ಒಳ್ಳೆಯ ಮನುಷ್ಯ. ನಿಯಮದಲ್ಲಿ ಬರೆದದ್ದನ್ನು ತಪ್ಪದೆ ಮಾಡಿದರು. ಮೂರು ದಿನ ದೊಡ್ಡ ಪ್ರಮಾಣದ ಸ್ಟೆರಾಯ್ಡ್. ಮೈಯ ಕಾವಲು ಪಡೆ ಮೂತ್ರಪಿಂಡವನ್ನು ಕಚ್ಚುತ್ತಿದ್ದರೆ ಕಾವಲು ಪಡೆಯನ್ನೇ ಮಲಗಿಸಬೇಕು, ಅದು ಮದ್ದು. ಕೆಂಪು ಗೆರೆ ಒಂದು ಕೂದಲೂ ಏರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಕಸ್ತೂರಿಗೆ ಜ್ವರ ಬಂತು, ಕೆಮ್ಮು ಶುರುವಾಯಿತು. ಕಾವಲಿಲ್ಲದ ಮನೆಗೆ ಕಳ್ಳ ನುಗ್ಗಿದ್ದ. ಜೋಯಿಸ ಮಾತ್ರ ಪಟ್ಟು ಬಿಡಲಿಲ್ಲ: ತಿರಸ್ಕಾರ, ತೀವ್ರ. ಮುಂದಿನ ಮದ್ದು ಇನ್ನೂ ಜೋರು, ಮೊಲದ ರಕ್ತದಿಂದ ತಯಾರಿಸಿದ್ದು, ಉಳಿದ ಕಾವಲನ್ನೂ ಬೇರು ಸಹಿತ ಕೀಳುವಂಥದ್ದು. ಮರುದಿನ ಹತ್ತು ಗಂಟೆಗೆ ಕೊಡುವುದೆಂದು ತೀರ್ಮಾನವಾಯಿತು.

"ಜ್ವರದಾಗ ಅದನ್ನ ಕೊಟ್ರ ಹುಡುಗಿ ಉಳೀತಾಳೇನ್ರಿ ಸರ್?" ಎಂದೆ.

"ಕೊಡದಿದ್ರ ಮೂತ್ರಪಿಂಡ ಹೋಗ್ತದ, ಲೀಲಕ್ಕ. ಕೊಟ್ರ..." ಒಂದು ಕಾಗದ ನನ್ನ ಮುಂದೆ ಸರಿಸಿದರು. "ತಾಯಿಗೆ ತಿಳಿಸಿ ಸಹಿ ತಗೋರಿ."

ಇಂಥ ಸಹಿ ತೆಗೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಶಾರದಾ ವಾರ್ಡಿನ ಹೊರಗೆ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತಿದ್ದಳು. ಹೊಲಿಗೆ ಹಾಕಿದ ಪಕ್ಕೆಯನ್ನು ಒಂದು ಕೈಯಿಂದ ಒತ್ತಿ ಹಿಡಿದಿದ್ದಳು. ಮಧ್ಯಾಹ್ನದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ನಾನು ಕಾಗದ ತೋರಿಸಿ ವಿವರಿಸಿದೆ. ಕಾಗದದಲ್ಲಿದ್ದ ಪದವನ್ನೇ ಬಳಸಿದೆ.

"ನಿಮ್ಮ ಮಗಳ ಮೈ ನಿಮ್ಮ ಮೂತ್ರಪಿಂಡವನ್ನ ತಿರಸ್ಕಾರ ಮಾಡಾಕತ್ತೈತಿ."

"ತಿರಸ್ಕಾರ ಅಂದ್ರ ಒಲ್ಲೆ ಅನ್ನೂದಲ್ರಿ?"

"ಹೂಂ."

"ನನ್ನ ಮಗಳು ನನಗ ಒಲ್ಲೆ ಅಂತಾಳ?"

"ಅಕಿ ಅಲ್ಲವ್ವಾ, ಅಕಿ ಮೈ."

"ಮೈಗೆ ಗೊತ್ತಾಗೇತಿ," ಎಂದಳು. ದನಿ ತೀರ ಸಣ್ಣದಾಗಿತ್ತು. "ಹೆಸರು ತಪ್ಪಿ ಇಟ್ಟ ಎಡಿ ಮುಟ್ಟೂದಿಲ್ರಿ ಬಾಯಾರ. ಕಾಗಿ ಕೂಡ ಹತ್ತರ ಬರೂದಿಲ್ಲ. ನಾ ತಪ್ಪು ಹೆಸರಿಲೆ ಕೊಟ್ಟೇನಿ. ಅದಕ್ಕ ಅದು ಒಲ್ಲೆ ಅಂತೈತಿ."

"ಏನ್ ಹೇಳಾಕತ್ತೀರಿ?"

"ನಾ ಶಾರದಾ ಅಲ್ರಿ. ಶಾರದಾ ನನ್ನ ತಂಗಿ. ನಾಕನೇತ್ತೆ ಪಾಸಾಗಿ ಬ್ಯಾಸಗಿ ಸೂಟಿಯೊಳಗ ಜ್ವರ ಬಂದು ಹೋದ್ಲು. ಊರಾಗ ಸತ್ತದ್ದು ಬರೆಸೂದು ಯಾರಿಗೆ ಗೊತ್ತಿತ್ತು? ಮಣ್ಣು ಮಾಡಿ ಬಂದ್ವಿ. ಸಾಲಿ ಕಾಗದ ಅಷ್ಟ ಉಳೀತು. ನಾ ಸಾಲಿಗೆ ಹೋದಾಕಿ ಅಲ್ಲ, ದನಾ ಕಾದಾಕಿ. ಅಕ್ಷರ ಅಕಿನ ಕಲಿಸಿದ್ಲು, ಒಲಿ ಬೂದ್ಯಾಗ. ಲಗ್ನ ಆಗಿ ಗಂಡನ ಊರಿಗೆ ಹೊಂಟಾಗ ನಮ್ಮವ್ವ ಆ ಕಾಗದ ನನ್ನ ಕೈಯಾಗ ಕೊಟ್ಲು. 'ಇದು ಇದ್ದಾಕಿಗೆ ನೌಕರಿ ಸಿಗತೈತಿ, ಇನ್ನ ಮ್ಯಾಲೆ ನೀನ ಶಾರದಾ' ಅಂದ್ಲು. ಅಂಗನವಾಡಿ ಕೆಲಸ ಸಿಕ್ತು. ಒಂದು ಹೆಸರು ಸಾಯಬೇಕಲ್ರಿ? ನನ್ನ ಹೆಸರು ಸಾಯಿಸಿದೆ."

"ನಿಮ್ಮ ಹೆಸರು?"

"ದ್ಯಾಮವ್ವ."

ಖಾಲಿ ಗೋಡೆಯ ಮುಂದಿನ ಎಡೆ ಕಣ್ಣ ಮುಂದೆ ಬಂತು. ಶೇಂಗಾ ಹೋಳಿಗೆ, ಮಡಿಚಿಟ್ಟ ಖಣ.

"ನಿಮ್ಮ ಎಡಿ ನೀವ ಇಡ್ತಿದ್ರ್ಯಾ?"

"ಮನಸ್ಸಿನಾಗ ಶಾರದಾ, ಬಾಯಾಗ ದ್ಯಾಮವ್ವ. ಹೋಳಿಗಿ ಸೇರ್ತಿದ್ದದ್ದು ಅಕಿಗೆ. ಅಕಿ ಹೆಸರು ಕರೀಲಾಕ ಹೆದರಿಕಿ, ನಾಕು ಮಂದಿ ಕೇಳಿದ್ರ? ಇಷ್ಟು ವರ್ಷ ಅದು ಅಕಿಗೂ ಮುಟ್ಟಿಲ್ಲ, ಯಾರಿಗೂ ಮುಟ್ಟಿಲ್ಲ. ಬಾಯಾರ, ಈಗ ಖರೇ ಹೆಸರು ಹೇಳಿದ್ರ ಮೈ ಒಪ್ಪಿಕೋತೈತೇನ್ರಿ? ಇಲ್ಲಾ, ಕಿಡ್ನಿ ವಾಪಸ್ ತಗಿತಾರ?"

ನಾನು ಆಕೆಯ ಎರಡೂ ಭುಜ ಹಿಡಿದೆ. "ಅಯ್ಯ ನನ ಶಿವನ! ಯಾರೂ ತಗಿಯೂದಿಲ್ಲ. ನಿನಗೂ ತಂಗಿಗೂ ಎಷ್ಟು ವರ್ಷದ ಅಂತರ, ಅದನ್ನ ಹೇಳು ಮೊದಲ."

"ಅಕಿನ್ನ ನಾನ ಟೊಂಕದ ಮ್ಯಾಲೆ ಹೊತ್ತು ಬೆಳಸೇನ್ರಿ. ಎಂಟು ವರ್ಷ."

ಐವತ್ತನಾಲ್ಕಲ್ಲ, ಅರವತ್ತೆರಡು. ನಮ್ಮಲ್ಲಿ ಅರವತ್ತು ದಾಟಿದವರಿಂದ ತೆಗೆದುಕೊಳ್ಳುವುದೇ ಇಲ್ಲ. ಹಳೆಯ ಮೂತ್ರಪಿಂಡ ಪಾಪ ತನ್ನ ಕೈಲಾದಷ್ಟು ದುಡಿಯುತ್ತಿದೆ. ಜೋಯಿಸ ಅದನ್ನು ಎಳೆಯದೆಂದು ತಿಳಿದು, ಸಾಲದು, ಯಾರೋ ಕಚ್ಚುತ್ತಿದ್ದಾರೆ ಎಂದು ಕೂಗುತ್ತಿದ್ದಾನೆ. ಯಾರೂ ಕಚ್ಚುತ್ತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನಾವು ಆ ಹುಡುಗಿಗೆ ಬರೆಯ ಮೇಲೆ ಬರೆ ಹಾಕುತ್ತಿದ್ದೆವು. ಎಡೆಯ ಮಾತಾಡಿದ ಆ ಹೆಂಗಸು ಹೇಳಿದ್ದೂ, ವಿಜ್ಞಾನ ಹೇಳುವುದೂ ಒಂದೇ ಆಗಿತ್ತು. ಹೆಸರು ತಪ್ಪಿತ್ತು.

ಓಡಿದೆ. ಐವತ್ತು ದಾಟಿದ ಮೇಲೆ ನಾನು ಓಡಿದ್ದು ಅದೊಂದೇ ಸಲ.

ಪರದೆಯ ಕೋಣೆಯಲ್ಲಿ ಇನಾಮದಾರರು ಒಬ್ಬರೇ ಇದ್ದರು. ಬಾಗಿಲು ಹಾಕಿ ಎಲ್ಲ ಹೇಳಿದೆ. ಅವರು ಕುರ್ಚಿಯಿಂದ ಎದ್ದರು. "ಬೇರೆಯವರ ಹೆಸರಿಲೆ ದಾನ ಅಂದ್ರ ಏನು ಗೊತ್ತದ ಏನ್ರಿ? ಪೊಲೀಸ್ ಕೇಸ್. ಅಕಿಗೂ, ನಮಗೂ."

"ತಾಯಿ ಮಗಳು ಅನ್ನೂದಕ್ಕ ರಕ್ತದ ಪರೀಕ್ಷೆ ಐತಲ್ರಿ ಸರ್. ಅದರಾಗ ಸುಳ್ಳಿಲ್ಲ. ಸುಳ್ಳಿರೂದು ವಯಸ್ಸಿನಾಗ ಅಷ್ಟ. ಒಂದು ಸಲ ಅರವತ್ತೆರಡು ಹಾಕಿ ನೋಡ್ರಿ."

ಅವರು ಹಾಕಿದರು. ಹಸಿರು ಗೆರೆ ಒಂದು ಕ್ಷಣ ಮಾಯವಾಯಿತು. ಆಮೇಲೆ ಕೆಳಗೆ ಮೂಡಿ ಕೆಂಪು ಗೆರೆಯ ಮೇಲೆ ಸರಿಯಾಗಿ ಕೂತುಬಿಟ್ಟಿತು. ಹತ್ತು ದಿನದ ಒಂದೊಂದು ಏರಿಗೂ ಒಂದೊಂದು ಇಳಿತಕ್ಕೂ ಹೊಂದಿಕೊಂಡಿತ್ತು. ತಿರಸ್ಕಾರ ಎಂಬ ಪದ ಪರದೆಯಿಂದ ಅಳಿಸಿಹೋಯಿತು. ಯಾವ ಕಾಗದದಲ್ಲೂ ಇಲ್ಲದ, ಯಾವ ದಾಖಲೆಯಲ್ಲೂ ಹುಟ್ಟದ ಒಬ್ಬ ಹೆಂಗಸು ಅಲ್ಲಿ ಎದ್ದು ನಿಂತ ಹಾಗಾಯಿತು. ನನಗೆ ಅಳು ಬಂತು, ಅತ್ತೆ.

ಇನಾಮದಾರರು ಫೋನ್ ಎತ್ತಿಕೊಂಡರು. ಮೊಲದ ಮದ್ದನ್ನು ರದ್ದು ಮಾಡಿದರು. ಕಪಾಟಿನಿಂದ ಹಳೆಯ ಸೂಜಿ ತರಿಸಿ ಚೂರು ತೆಗೆದು ನೋಡಿ ಖಾತ್ರಿ ಮಾಡಿಕೊಂಡರು. ಯಂತ್ರದಲ್ಲಿ 'ದೇಹದ ವಯಸ್ಸು' ಎಂಬ ಹೆಚ್ಚುವರಿ ಮನೆಯಲ್ಲಿ ಅರವತ್ತೆರಡು ಎಂದು ಬರೆದರು. ಹೆಸರಿನ ಮನೆಯನ್ನು ಮುಟ್ಟಲಿಲ್ಲ. "ಹೆಸರು ನನಗ ಕೇಳಿಸಲಿಲ್ಲ, ಲೀಲಕ್ಕ," ಎಂದರು. ನಾನೂ ಅದಕ್ಕೆ ಒಪ್ಪಿದೆ. ತಪ್ಪೇ. ಆ ತಪ್ಪನ್ನು ಇವತ್ತೂ ಮಾಡುತ್ತೇನೆ.

ಕಸ್ತೂರಿ ಉಳಿದಳು. ಆದರೆ ಸೋಂಕು ಬಲ ಶ್ವಾಸಕೋಶದ ಒಂದು ಭಾಗವನ್ನು ತಿಂದುಹಾಕಿತ್ತು. ಕಂಡಕ್ಟರ್ ಕೆಲಸ ಬಿಟ್ಟು ಡಿಪೋದಲ್ಲಿ ಕೂತು ಮಾಡುವ ಕೆಲಸಕ್ಕೆ ಹೋದಳು. ಈಗಲೂ ಒಂದು ಮಹಡಿ ಹತ್ತಿ ನನ್ನ ಕೋಣೆಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಾಳೆ. ಆ ಉಸಿರು ಕೇಳಿದಾಗೆಲ್ಲ ಅವತ್ತಿನ ರೊಟ್ಟಿ ಜುಣಕದ ಡಬ್ಬಿ ನೆನಪಾಗುತ್ತದೆ.

ಇನ್ನೊಂದು ಮಾತು ಉಳಿಯಿತು. ವಯಸ್ಸು ಬದಲಾಯಿಸಿದಾಗ ಎರಡನೆಯ ಹಸಿರು ಗೆರೆಯೂ ಬದಲಾಗಿತ್ತು. ತಾಯಿಯಲ್ಲಿ ಉಳಿದ ಮೂತ್ರಪಿಂಡದ್ದು. ಐವತ್ತನಾಲ್ಕರ ಶಾರದಾಳ ಗೆರೆ ಇಪ್ಪತ್ತೈದು ವರ್ಷ ನೆಟ್ಟಗೆ ಹೋಗಿತ್ತು, ಅದನ್ನು ನೋಡಿಯೇ ಆಕೆ ಸಹಿ ಮಾಡಿದ್ದಳು. ಅರವತ್ತೆರಡರ ದ್ಯಾಮವ್ವನ ಗೆರೆ ಎಂಟನೆಯ ವರ್ಷಕ್ಕೆ ನೆಲ ಮುಟ್ಟುತ್ತಿತ್ತು. ನಿಯಮದ ಪ್ರಕಾರ ತೋರಿಸಬೇಕು. ಮನೆಗೆ ಹೊರಡುವ ದಿನ ತಾಯಿಯನ್ನು ಕರೆದು ಕೂರಿಸಿದೆ.

"ಕಸ್ತೂರಿಗೆ ಕೊಟ್ಟದ್ದು ಎಷ್ಟು ವರ್ಷ ಅಂತೈತಿ?" ಎಂದು ಕೇಳಿದಳು.

"ಹನ್ನೊಂದು."

"ಸಾಕ್ರಿ. ನಂದು ಬ್ಯಾಡ. ನೋಡಿದ್ರ ವಾಪಸ್ ಕೊಡ್ತೀರೇನು?" ನಕ್ಕಳು. ಬಾಗಿಲವರೆಗೆ ಹೋಗಿ ತಿರುಗಿ ಬಂದಳು. "ನಾ ಇರೂತನಕ ಕಸ್ತೂರಿಗೆ ಹೇಳಬ್ಯಾಡ್ರಿ. ಅವ್ವನ ಹೆಸರ ಸುಳ್ಳು ಅಂತ ಗೊತ್ತಾದ್ರ ಅಕಿ ಏನು ಹಿಡಕೊಂಡು ನಿಂದ್ರಬೇಕು?"

ಮಾತು ಕೊಟ್ಟೆ.

ಆಮೇಲೆ ಪ್ರತಿ ವರ್ಷ ಜೂನ್ ಒಂದಕ್ಕೆ ಜೋಯಿಸ ನನ್ನ ಪರದೆಯ ಮೇಲೆ ನೆನಪೋಲೆ ಹಾಕುತ್ತಿದ್ದ: ದಾನಿ ಶಾರದಾ ತಳವಾರ, ವಾರ್ಷಿಕ ತಪಾಸಣೆ ಬಾಕಿ, ದೇಹದ ವಯಸ್ಸು ಅರವತ್ಮೂರು. ಅರವತ್ನಾಲ್ಕು. ಅರವತ್ತೈದು. ಹತ್ತು ವರ್ಷಕ್ಕೇ ಹೋದ ಹುಡುಗಿಗೆ ಯಾರೋ ಮಾಸ್ತರರು ಕೊಟ್ಟ ಹುಟ್ಟುಹಬ್ಬ ಅದು. ಮಣ್ಣಲ್ಲಿ ಮಲಗಿದ ಹುಡುಗಿಯ ಹುಟ್ಟುಹಬ್ಬದಂದು ಬದುಕಿದ ಅಕ್ಕನ ಮೂತ್ರಪಿಂಡಕ್ಕೆ ವರ್ಷ ಏರುತ್ತಿತ್ತು. ಫೋನ್ ಮಾಡಿದರೆ ಆಕೆ "ಬರ್ತೇನ್ರಿ ಬಾಯಾರ" ಎನ್ನುತ್ತಿದ್ದಳು. ಒಮ್ಮೆಯೂ ಬರಲಿಲ್ಲ.

ಏಳನೆಯ ವರ್ಷದ ಸಂಕ್ರಾಂತಿಯ ಹಿಂದಿನ ದಿನ ಪಾತ್ರೆ ತೊಳೆಯುತ್ತ ಕೂತಲ್ಲೇ ವಾಲಿದಳಂತೆ. ಕಾಲು ಊದಿಕೊಂಡು ತಿಂಗಳುಗಳೇ ಆಗಿದ್ದವು, ಯಾರಿಗೂ ಹೇಳಿರಲಿಲ್ಲ. ಜೋಯಿಸ ಎಂಟು ಎಂದಿದ್ದ. ಆಕೆ ಅವನನ್ನೂ ಒಂದು ವರ್ಷ ಸುಳ್ಳು ಮಾಡಿದಳು.

ಮರಣದ ದಾಖಲೆ ಶಾರದಾ ಎಂಬ ಹೆಸರಿಗೆ ಬಂತು. ಅಂತೂ ಆ ಹುಡುಗಿ ಕಾಗದದಲ್ಲಿಯೂ ಸತ್ತಳು. ದ್ಯಾಮವ್ವ ಸತ್ತಿದ್ದಾಳೆಂದು ಎಲ್ಲಿಯೂ ಬರೆದಿಲ್ಲ, ಏಕೆಂದರೆ ಹುಟ್ಟಿದ್ದಾಳೆಂದೂ ಬರೆದಿಲ್ಲ. ಚೌಕದಲ್ಲಿ ಗುರುತು ಹಾಕಲು ಹೋದರೆ ಬೆರಳು ನಿಲ್ಲುತ್ತಿತ್ತು. ಕೊಟ್ಟ ಮಾತು ಆಕೆ ಇರುವ ತನಕದ್ದು. ಈಗ ನಾನು ಹೇಳಬಹುದಿತ್ತು. ತಪಾಸಣೆಗೆಂದು ಕಸ್ತೂರಿ ಎರಡು ಸಲ ಬಂದು ಹೋದಳು, ನಾನು ಎರಡು ಸಲವೂ ಹವಾಮಾನದ ಮಾತಾಡಿದೆ. ಬಾಯಿ ಜೋರಂತೆ, ಎಲ್ಲಿ ಹೋಗಿತ್ತೋ!

ಮೂರನೆಯ ಸಲ ಬಂದದ್ದು ಮೊನ್ನೆ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ. ಏದುಸಿರು ಬಿಡುತ್ತ ಕೂತಳು. ಬಿಲ್ಲೆ ತೆಗೆದು ನೋಡಿದೆ, ಗೆರೆ ನೆಟ್ಟಗಿತ್ತು.

"ಲಗೂನ ಬಿಡ್ರಿ ಲೀಲಕ್ಕ, ಸಂತಿ ಮಾಡಬೇಕು. ನಾಳೆ ಅಮಾಸಿ. ಅವ್ವಂದು ಮೊದಲ ವರ್ಷದ್ದು," ಎಂದಳು. "ದೊಡ್ಡವ್ವನ ಎಡಿ ಈ ವರ್ಷದಿಂದ ಬಿಡೂನಂತ ಮಾಡೇನಿ. ಅಕಿನ್ನ ನಾ ನೋಡೇ ಇಲ್ಲ. ಅವ್ವ ಇದ್ಲು, ಇಡ್ತಿದ್ಲು. ಹೋದಾಕಿ ಸಂಗ್ತೀನ ಅದೂ ಹೋಗ್ಲಿ."

"ಬಿಡಬ್ಯಾಡ!" ಎಂದು ಕೂಗಿದೆ. ಪಕ್ಕದ ಕೋಣೆಯ ನರ್ಸು ಇಣುಕಿ ನೋಡಿ ಹೋದಳು.

"ಯಾಕ್ರಿ?"

ನಾನು ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. ದಾನಿ: ಶಾರದಾ. ಕಾಗದದ ವಯಸ್ಸು ಒಂದು, ದೇಹದ ವಯಸ್ಸು ಇನ್ನೊಂದು, ನಡುವೆ ಎಂಟು ವರ್ಷ. "ನಿನ್ನ ಹೊಟ್ಟ್ಯಾಗಿರೂದು ಶಾರದಾಂದಲ್ಲ, ಕಸ್ತೂರಿ. ದ್ಯಾಮವ್ವಂದು," ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಒಲೆಯ ಬೂದಿಯಲ್ಲಿ ಬರೆದ ಅಕ್ಷರದಿಂದ ಹಿಡಿದು ಬೆಂಚಿನ ಮೇಲಿನ ಬಿಸಿಲಿನ ತನಕ. ನನ್ನ ಹಸಿವನ್ನೂ ಹೇಳಿದೆ, ಬಚ್ಚಿಡಲಿಲ್ಲ.

ಕಸ್ತೂರಿ ಸೀರೆಯ ಮೇಲಿಂದಲೇ ಬಲಗಡೆಯ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಅಲ್ಲಿಯೇ ಅದು ಇರುವುದು. ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ಹಂಗಾರ ಇಷ್ಟು ವರ್ಷ ಅವ್ವ ತನ್ನ ಎಡಿ ತಾನ ಇಟ್ಟು, ಕೈ ಮುಗಿದು, ಆಮ್ಯಾಲೆ ನಮಗ ಉಣಸ್ತಿದ್ಲು."

"ಹೂಂ."

"ಶೇಂಗಾ ಹೋಳಿಗಿ ಸೇರ್ತಿದ್ದದ್ದು ಆ ಸಣ್ಣ ಹುಡುಗಿಗೆ."

"ಹೂಂ. ಶಾರದಾಗ."

"ಹಂಗಾರ ನಾಳೆ ಹೋಳಿಗಿ ಶಾರದಾನ ಹೆಸರಿಲೆ ಇಡ್ತೇನಿ. ಹೆಸರು ಕರದ ಇಡ್ತೇನಿ, ಓಣಿಗೆ ಕೇಳಲಿ." ಆಮೇಲೆ ಮುಖ ಎತ್ತಿದಳು. "ಮತ್ತ ಅವ್ವಗ ಏನ್ ಇಡ್ಲಿ? ಲೀಲಕ್ಕ, ನಮ್ಮವ್ವಗ ಏನ್ ಸೇರ್ತಿತ್ತ್ರಿ? ಮೂವತ್ತನಾಕು ವರ್ಷ ಅಕಿ ಕೈಯಾಗ ಉಂಡೇನಿ. ಅಕಿಗೆ ಏನು ಸೇರ್ತಿತ್ತು ನನಗ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಆದರೆ ನಾನು ಕೇಳಿದ್ದೆನಲ್ಲ, ಕೇಳಿ ಬರೆದಿದ್ದೆನಲ್ಲ. ಎದ್ದು ಕಪಾಟಿನಿಂದ ಏಳು ವರ್ಷದ ಹಿಂದಿನ ಅರ್ಜಿ ಹುಡುಕಿ ತೆಗೆದೆ. ಉಪ್ಪು, ನೀರು, ನಿದ್ದೆ. ಅದರ ಕೆಳಗೆ ದಿನದ ಊಟ. ಎದುರಿಗೆ ನನ್ನದೇ ಅಕ್ಷರ, ನಕ್ಕು ಬರೆದದ್ದು: 'ಎಲ್ಲಾರ ಉಂಡ ಮ್ಯಾಲೆ ಏನ್ ಉಳದಿರ್ತೈತಿ ಅದನ್ನ.'

ಕಸ್ತೂರಿ ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಅರ್ಜಿಯನ್ನು ಮಡಿಚಿ ನನ್ನ ಕೈಗೆ ಕೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

"ನಾಳೆ ಅಡಗಿ ಆದ ಕೂಡಲೇ ದ್ಯಾಮವ್ವಗ ಮೊದಲ ನೀಡ್ತೇನಿ, ಎಲ್ಲಾ ಒಂದೊಂದು," ಎಂದಳು. "ಅಕಿದು ಆಗಿ ಉಳದದ್ದನ್ನ ನಾ ಉಣ್ತೇನಿ."